ಬಾಯೊಳಗಿನ ನೀರು

ಝಳಕಿ
20-8-1974

ಅಬ್ದುಲರಜಾಕ,

ಕ್ಷೇಮ ಕೇಳಲು ಬರೆದ ಕಾಗದವಲ್ಲ ಇದು. ನೀನು ಕ್ಷೇಮವಾಗಿರುವುದೇ ನನ್ನ ಹೊಟ್ಟೆಯ ಉರಿ.

ನಾನು ಯಾರೆಂದು ಬೇರೆ ಹೇಳಬೇಕೇ? ಎಂಟು ವರ್ಷದ ಹಿಂದೆ ಒಂದು ಮಳೆಗಾಲವಿಡೀ ನನ್ನ ತಾಲೀಮಿನ ಮಣ್ಣಿನಲ್ಲಿ ಹೊರಳಿ ಕುಸ್ತಿ ಕಲಿತವನು ನೀನು. ನನ್ನ ಹೆಂಡತಿ ಶಂಕ್ರೆವ್ವ ಬಡಿದ ರೊಟ್ಟಿ ತಿಂದೆ. ಕಡೆಗೆ ನನ್ನ ಬೆತ್ತದ ಏಟು ತಾಳಲಾರದೆ ಓಡಿಹೋಗಿ ತಾಳಿಕೋಟೆಯ ಗೈಬುಸಾಬನ ತಾಲೀಮು ಸೇರಿದೆ. ಆಗ ನಿನ್ನ ಜೋಡಿ ಆಡುತ್ತಿದ್ದವನು ನನ್ನ ಹಿರಿಮಗ ಚಂದಪ್ಪ. ಒಂದೇ ತಾಟಿನಲ್ಲಿ ಉಂಡವರು ನೀವಿಬ್ಬರು.

ಶ್ರಾವಣದ ಮೂರನೆಯ ಸೋಮವಾರ, ಬಸವನ ಬಾಗೇವಾಡಿಯ ಕುಸ್ತಿ ಕಣದಲ್ಲಿ, ಎರಡು ಸಾವಿರ ಮಂದಿಯ ಎದುರು ಅದೇ ಚಂದಪ್ಪನ ಕುತ್ತಿಗೆಯನ್ನು ಕಂಕುಳಲ್ಲಿ ಅದುಮಿ ಹಿಡಿದೆ. ಅವನ ಮೂಗಿನಿಂದ ರಕ್ತ ಇಳಿದು ಕಣದ ಮಣ್ಣಿಗೆ ಬಿತ್ತು. ನೀನು ಬಿಡಲಿಲ್ಲ. ಬಿಟ್ಟಾಗ ಅವನು ಕಡಿದ ಬಾಳೆಯ ಹಾಗೆ ಮಗ್ಗುಲಾಗಿ ಬಿದ್ದ. ಬಿಜಾಪುರದ ದವಾಖಾನೆ ಇನ್ನೂ ದೂರವಿರುವಾಗಲೇ ಜೀಪಿನಲ್ಲಿ ನನ್ನ ತೊಡೆಯ ಮೇಲೆ ಅವನ ಕಣ್ಣು ಮೇಲಾದವು. ಇಪ್ಪತ್ನಾಲ್ಕು ವರ್ಷದ ಮಗ. ಎರಡು ಕೈಯಿಂದ ಮಣ್ಣು ಹಾಕಿ ಬಂದಿದ್ದೇನೆ.

ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಹೆಣ ಕೊಯ್ದ ಡಾಕ್ಟರನು ಕುತ್ತಿಗೆಯ ಎಲುಬು ಸರಿಯಾಗಿದೆ, ತಲೆಯೊಳಗೆ ರಕ್ತನಾಳ ಒಡೆದಿದೆ ಎಂದು ಬರೆದಿದ್ದಾನಂತೆ. ಕಾಗದ ಏನು ಬೇಕಾದರೂ ಹೇಳುತ್ತದೆ. ನಾನು ನನ್ನ ಕಣ್ಣಿನಿಂದ ನೋಡಿದ್ದೇನೆ.

ನನ್ನ ಕಿರಿಮಗ ಶ್ರೀಶೈಲಪ್ಪ ಕೊಡಲಿಗೆ ಹೊಸ ಕಾವು ಹಾಕಿಸಿದ್ದಾನೆ. "ಅಪ್ಪಾ, ದಸರಾಕ್ಕ ಬನ್ನಿ ಮುಡಿಯೂದರಾಗ ಅವನ ರುಂಡಾ ಹಾರಸ್ತೇನಿ" ಎಂದು ತಾಯಿಯ ತಲೆ ಮುಟ್ಟಿ ಆಣೆ ಮಾಡಿದ್ದಾನೆ. ನಾನು ಬೇಡ ಎಂದಿಲ್ಲ. ಅದಕ್ಕೂ ಮೊದಲು ನೀನು ಗಂಡಸಾಗಿದ್ದರೆ ನನ್ನ ಮಗನ ಕುತ್ತಿಗೆಗೆ ಏನು ಮಾಡಿದೆ ಎಂದು ನಿನ್ನ ಕೈಯಿಂದಲೇ ಬರೆದು ಕಳಿಸು.

ಗುರಪ್ಪ ವಸ್ತಾದ


ಮುದ್ದೇಬಿಹಾಳ
2-9-1974

ಕುಸ್ತಿ ಕಲಿಸಿದ ವಸ್ತಾದ ಗುರಪ್ಪನವರಿಗೆ ಅಬ್ದುಲರಜಾಕನ ಸಲಾಮು.

ನಿಮ್ಮ ಕಾಗದ ತಲುಪಿತು. ಮಾರ್ಕೆಟ್ಟಿನ ಅಂಗಳದಲ್ಲಿ, ಜೋಳದ ಚೀಲಗಳ ನಡುವೆ ಕೂತು ಓದಿದೆ.

ಅವನ ಕುತ್ತಿಗೆ ನನ್ನ ಕಂಕುಳಲ್ಲಿತ್ತು, ಹೌದು. ತಿರುವಲಿಲ್ಲ. ಆ ಹಿಡಿತ ಎಲ್ಲ ತಾಲೀಮಿನಲ್ಲೂ ಕಲಿಸುವ ಹಿಡಿತ. ನೀವೂ ಕಲಿಸಿದ್ದೀರಿ, ನನಗೇ ಕಲಿಸಿದ್ದೀರಿ. ಆದರೆ ನಿಮಗೆ ಸುಳ್ಳು ಏಕೆ ಹೇಳಲಿ? ನನ್ನ ಕೈಯ ಮೇಲೆ ನನಗೂ ನಂಬಿಕೆ ಇಲ್ಲ. ನಾನು ಹಮಾಲಿ ಮಾಡುವವನು, ದಿನಕ್ಕೆ ನೂರು ಚೀಲ ಹೊತ್ತ ತೋಳು ಇದು. ಎಷ್ಟು ಒತ್ತಿತೋ ಯಾರಿಗೆ ಗೊತ್ತು? ಅನ್ನ ಕಲಸಲು ಕೈ ಹೋಗುವುದಿಲ್ಲ. ನನ್ನ ತಾಯಿ ಮಾಬುಬಿ ತುತ್ತು ಮಾಡಿ ತಿನ್ನಿಸುತ್ತಾಳೆ, ಇಪ್ಪತ್ತೈದು ವರ್ಷದ ಕೋಣನಿಗೆ.

ಅದಕ್ಕೇ ಇಲ್ಲಿ ದವಾಖಾನೆ ಇಟ್ಟಿರುವ ಡಾಕ್ಟರ ಇಂದ್ರಾಬಾಯಿಯವರ ಹತ್ತಿರ ಹೋಗಿ ಕೈ ಮುಂದೆ ಚಾಚಿದೆ. "ಬಾಯಾರ, ಈ ಕೈ ಮನುಷ್ಯಾನ್ನ ಕೊಂದೈತೇನು, ನೋಡಿ ಹೇಳ್ರಿ" ಎಂದೆ. ಆಕೆ ಬಹಳ ಖಡಕ್ ಹೆಂಗಸು. "ಕೈ ನೋಡಿ ಹೇಳಾಕ ನಾ ಏನು ಜೋತಿಷ್ಯಾ ಹೇಳಾಕಿ ಅಂದಿಯೇನು? ಕೂಡು ಮೊದಲ" ಎಂದು ಗದರಿಸಿದರು. ಎಲ್ಲ ಕೇಳಿದ ಮೇಲೆ ಎರಡು ಪ್ರಶ್ನೆ ಬರೆದುಕೊಟ್ಟರು. ಚಂದಪ್ಪನಿಗೆ ಮೊದಲಿನಿಂದ ತಲೆನೋವು, ಮೂಗಿನಲ್ಲಿ ರಕ್ತ ಬರುವುದು ಇತ್ತೇ? ಅವನ ಬಿ.ಪಿ. ಯಾರಾದರೂ ನೋಡಿದ್ದರೇ, ನೋಡಿದ್ದರೆ ಯಾವಾಗ? ನಿಮಗೆ ಕೇಳುವ ಧೈರ್ಯ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಶ್ರೀಶೈಲಪ್ಪ ಬರುವುದಾದರೆ ಬರಲಿ. ನಾನು ಓಡುವುದಿಲ್ಲ. ಒಂದೇ ಬೇಡಿಕೆ, ಮನೆಗೆ ಬರುವುದು ಬೇಡ. ಮನೆಯಲ್ಲಿ ತಾಯಿ ಒಬ್ಬಳೇ ಇರುತ್ತಾಳೆ. ಮಾರ್ಕೆಟ್ಟಿನ ಅಂಗಳಕ್ಕೆ ಬಂದು ನನ್ನ ಹೆಸರು ಕೂಗಲಿ.

ನಿಮ್ಮ ಮಣ್ಣಿನಲ್ಲಿ ಹೊರಳಿದವ,
ಅಬ್ದುಲರಜಾಕ


ಝಳಕಿ
14-9-1974

ಏ ಹಮಾಲಾ,

ಕೊಂದವನು ಕೊಂದೆ ಎನ್ನಬೇಕು, ಕೊಲ್ಲದವನು ಇಲ್ಲ ಎನ್ನಬೇಕು. ನೀನು ನನ್ನ ಮನೆಯ ಮೇಲೇ ಪ್ರಶ್ನೆ ಎಸೆಯುತ್ತೀಯಾ? ನಿನ್ನ ಕಾಗದವನ್ನು ಒಲೆಗೆ ಹಾಕಲು ಹೋಗಿದ್ದೆ. ಶಂಕ್ರೆವ್ವ ಕೈ ಹಿಡಿದಳು. "ಹಾಕಬ್ಯಾಡ್ರಿ. ಹುಡುಗ ತಲಿನೋವು, ತಲಿನೋವು ಅಂತ ಹಿಂದಲೆ ಒತ್ತಿಕೊಂಡು ಕೂಡ್ತಿದ್ದ. ನಿಮಗ ಹೇಳಾಕ ಹೆದರ್ತಿದ್ದ. ಬರೀರಿ ಅದನ್ನ" ಎಂದಳು. ಆಕೆಯ ಕೈಯಲ್ಲಿದ್ದ ಹಿಟ್ಟಿನ ಬುಟ್ಟಿಯನ್ನು ಒದ್ದೆ. ಮದುವೆಯಾಗಿ ಮೂವತ್ತು ವರ್ಷದಲ್ಲಿ ಮೊದಲ ಸಲ ಆಕೆ ನನಗೆ ತಿರುಗಿ ನಿಂತು, "ಒದೀರಿ, ಇನ್ನ ಯಾರು ಉಳದಾರ ಒದಿಸ್ಕೊಳ್ಳಾಕ" ಎಂದಳು.

ಹೌದು, ಮೂಗಿನಲ್ಲಿ ರಕ್ತ ಬರುತ್ತಿತ್ತು. ಕಲ್ಲು ಎತ್ತುವಾಗ ಬರುತ್ತಿತ್ತು. ಅದರಲ್ಲಿ ಹೊಸದೇನಿದೆ? ನನಗೂ ಬರುತ್ತಿತ್ತು, ನನ್ನ ಅಪ್ಪನಿಗೂ ಬರುತ್ತಿತ್ತು. ಕೆಟ್ಟ ರಕ್ತ ಹೋದರೆ ಮೈ ಹಗುರಾಗುತ್ತದೆ. ನನ್ನ ತಾಲೀಮಿನ ಪದ್ಧತಿ ನಿನಗೆ ಗೊತ್ತಿದೆ. ಬಾಯಿ ತುಂಬ ನೀರು ಹಿಡಿದುಕೊಂಡು ಕಲ್ಲನ್ನು ಎದೆಗೆ ತರಬೇಕು, ಎದೆಯಿಂದ ಹೆಗಲಿಗೆ ಏರಿಸಬೇಕು, ಇಳಿಸಿದ ಮೇಲೆ ಅದೇ ನೀರನ್ನು ನನ್ನ ಮುಂದೆ ಉಗುಳಿ ತೋರಿಸಬೇಕು. ಉಸಿರು ಹೋಯಿತೋ, ಬಲ ಹೋಯಿತು. ನೀರು ಚೆಲ್ಲಿದವನಿಗೆ ಬೆತ್ತ. ಮೂರು ತಲೆಮಾರು ಹೀಗೇ ಬಂದಿದೆ. ನೀನು ಒಂದು ಮಳೆಗಾಲಕ್ಕೆ ಓಡಿದೆ, ಚಂದಪ್ಪ ಹದಿನೈದು ವರ್ಷ ಹಿಡಿದ.

ಬಿ.ಪಿ. ಕೇಳುತ್ತೀಯಲ್ಲ, ಕೇಳಿಸಿಕೊ. ನಾನೇನು ಕಾಡು ಮನುಷ್ಯನಲ್ಲ. ಹೋದ ವರ್ಷ ಕಣ್ಣು ಮಂಜಾಗುತ್ತದೆ ಎಂದಾಗ ಇಂಡಿ ಪಟ್ಟಣದ ಡಾಕ್ಟರನ ಹತ್ತಿರ ಮೂರು ಸಲ ಕರೆದುಕೊಂಡು ಹೋಗಿದ್ದೇನೆ. ಮೂರು ಸಲವೂ ನಸುಕಿನಲ್ಲಿ ಎದ್ದು ಝಳಕಿಯಿಂದ ಇಂಡಿಯವರೆಗೆ ನಡೆದೇ ಹೋಗಿದ್ದೇವೆ. ಪೈಲ್ವಾನನಾದವನು ಮೋಟಾರು ಹತ್ತಬಾರದು, ಕಾಲು ಹಾಳಾಗುತ್ತವೆ ಎಂಬುದು ನನ್ನ ಕಟ್ಟು. ಡಾಕ್ಟರನು ಯಂತ್ರ ಹಚ್ಚಿ ನೋಡಿ, "ನೂರಾ ಮೂವತ್ತಾರು ಐತಿ, ಚೂರು ಮ್ಯಾಲ, ಆದ್ರ ಪೈಲ್ವಾನಗ ಏನೂ ಆಗೂದಿಲ್ಲ" ಎಂದ. ಮೂರು ಚೀಟಿಯೂ ನನ್ನ ಪೆಟ್ಟಿಗೆಯಲ್ಲಿವೆ. ಈಗ ಹೇಳು, ನನ್ನ ಮಗ ಗಟ್ಟಿಯಾಗಿದ್ದನೋ ಇಲ್ಲವೋ? ಗಟ್ಟಿಯಾಗಿದ್ದವನು ನಿನ್ನ ಕಂಕುಳಲ್ಲಿ ಏಕೆ ಸತ್ತ?

ನಿನ್ನೆ ತಾಲೀಮಿನಲ್ಲಿ ಒಬ್ಬನು, "ವಸ್ತಾದರ, ರಜಾಕನದು ತಪ್ಪ ಐತೋ ಇಲ್ಲೋ ಯಾರಿಗೆ ಗೊತ್ತು" ಎಂದ. ಅವನ ಎರಡು ಹಲ್ಲು ಮಣ್ಣಿನಲ್ಲಿ ಬಿದ್ದವು.

ಶ್ರೀಶೈಲಪ್ಪ ಸಿಂದಗಿಯಲ್ಲಿ ಬೀಗರ ಮನೆಯಲ್ಲಿ ಇಳಿದುಕೊಂಡಿದ್ದಾನೆ. ಅಲ್ಲಿಂದ ನಿನ್ನ ಊರಿಗೆ ದಿನಾ ಬಸ್ಸು ಇದೆ.

ಗುರಪ್ಪ


ಮುದ್ದೇಬಿಹಾಳ
29-9-1974

ವಸ್ತಾದರೇ,

ಬಲಗೈ ಏಳುವುದಿಲ್ಲ, ಆದ್ದರಿಂದ ಅಕ್ಷರ ಸೊಟ್ಟಗಿವೆ. ಶ್ರೀಶೈಲಪ್ಪ ಬಂದು ಹೋದ.

ಮೊನ್ನೆ ಗುರುವಾರ, ಸಂತೆಯ ಗದ್ದಲದಲ್ಲಿ, ಬೆನ್ನ ಮೇಲೆ ಚೀಲ ಹೊತ್ತು ಲಾರಿಯ ಹಲಗೆ ಏರುತ್ತಿದ್ದೆ. "ರಜಾಕಾ!" ಎಂಬ ಕೂಗು ಕೇಳಿ ತಿರುಗಿದೆ. ಕೊಡಲಿ ಚೀಲಕ್ಕೆ ಬಿತ್ತು. ಜೋಳ ಸುರಿದು ನಾವಿಬ್ಬರೂ ಅದರ ಮೇಲೆ ಜಾರಿ ಬಿದ್ದೆವು. ಅವನ ಕೈ ಹಿಡಿದು ಕೊಡಲಿ ಬೀಳಿಸಿದೆ, ಅವನು ನನ್ನ ಕಿವಿ ಕಚ್ಚಿ ಹಿಡಿದ. ಆಗ ನನಗೆ ಗೊತ್ತಿಲ್ಲದೆ ನನ್ನ ತೋಳು ಅವನ ಕುತ್ತಿಗೆಯ ಸುತ್ತ ಹೋಗಿ ಬಿಗಿಯಿತು. ಅದೇ ಹಿಡಿತ. ಅವನ ಮುಖ ಚಂದಪ್ಪನದೇ ಮುಖ, ಅದೇ ದಪ್ಪ ಹುಬ್ಬು. ಯಾ ಅಲ್ಲಾ! ಸುಟ್ಟುಕೊಂಡವನ ಹಾಗೆ ಕೈ ಬಿಟ್ಟೆ. ಬಿಟ್ಟ ಕೂಡಲೇ ಅವನು ಕೊಡಲಿ ಎತ್ತಿ ಹೊಡೆದ. ಅಲಗು ಭುಜದಲ್ಲಿ ಒಂದು ಬೆರಳು ಆಳ ಇಳಿಯಿತು.

ಹಮಾಲರು ಅವನನ್ನು ಹಿಡಿದು ನೆಲಕ್ಕೆ ಹಾಕಿ ಒದೆಯತೊಡಗಿದರು. ನಾನೇ ಬೇಡ ಎಂದೆ. "ನಮ್ಮ ಹುಡುಗ, ಬಿಡ್ರಿ ಅವನ್ನ, ಬಸ್ಸಿಗೆ ಹತ್ತಸ್ರಿ" ಎಂದೆ. ಪೊಲೀಸರಿಗೆ ಹಲಗೆಯಿಂದ ಬಿದ್ದೆ ಎಂದು ಹೇಳಿದ್ದೇನೆ. ಅವನ ಎರಡು ಪಕ್ಕೆ ನೊಂದಿರಬಹುದು, ಎಣ್ಣೆ ಕಾಸಿ ಹಚ್ಚಿರಿ.

ಈಗ ಮುಖ್ಯ ಮಾತು. ಶ್ರೀಶೈಲಪ್ಪ ಬರುವ ಮೊದಲಿನ ವಾರವೇ ನಿಮ್ಮ ಕಾಗದವನ್ನು ಡಾಕ್ಟರಬಾಯಿಗೆ ಓದಿ ಹೇಳಿದ್ದೆ. ನಡೆದು ಹೋಗಿದ್ದೇವೆ ಎಂಬ ಮಾತು ಬಂದಾಗ ಆಕೆ ಪೆನ್ನು ಕೆಳಗಿಟ್ಟರು. "ಇನ್ನೊಮ್ಮೆ ಓದು" ಎಂದರು. ಆಮೇಲೆ, "ನಾಳೆಯಿಂದ ಮೂರು ದಿನ ನೀ ನನಗ ಬೇಕು. ಉಪವಾಸ ಬರಬ್ಯಾಡ, ಚಾ ಕುಡದು ಬರಬ್ಯಾಡ" ಎಂದರು.

ಮೊದಲ ದಿನ ಬೆಂಚಿನ ಮೇಲೆ ಸುಮ್ಮನೆ ಕೂಡಿಸಿ ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಪಾದರಸ ನೂರಾ ಇಪ್ಪತ್ತೆಂಟು ತೋರಿಸಿತು. ಆಮೇಲೆ ತಾಳಿಕೋಟೆಯ ರಸ್ತೆ ಹಿಡಿದು ಒಂದೂವರೆ ತಾಸು ನಡೆದು ಬಾ ಎಂದರು. ಬಂದು ಅರ್ಧ ತಾಸು ಕೂತ ಮೇಲೆ ನೂರಾ ಹದಿನಾಲ್ಕು. ಮಧ್ಯಾಹ್ನದ ಊಟದ ಹೊತ್ತಿಗೂ ಅದು ಮೇಲೆ ಬಂದಿರಲಿಲ್ಲ. ಎರಡನೆಯ ದಿನ ಮುನ್ನೂರು ಬಸ್ಕಿ ಹೊಡೆಸಿದರು. ನಿಲ್ಲಿಸಿದ ಕೂಡಲೇ ನೂರಾ ಎಪ್ಪತ್ತಾರು, ಅರ್ಧ ತಾಸಿಗೆ ನೂರಾ ಹದಿನೆಂಟು. "ನೋಡಪಾ, ನಡದ್ರ, ಬಸ್ಕಿ ಹೊಡದ್ರ ಆಮ್ಯಾಲ ನರ ಸಡಲ ಆಗ್ತಾವ, ಬಿ.ಪಿ. ಕೆಲವು ತಾಸು ಇಳೀತದ. ಬಿ.ಪಿ. ಇದ್ದವಗ ಇನ್ನೂ ಹೆಚ್ಚ ಇಳೀತದ. ನಡದು ಬಂದವನ ಬಿ.ಪಿ. ನೋಡೂದಂದ್ರ ಉಂಡು ಎದ್ದವಗ ಹಸಿವಿ ಐತೇನು ಅಂತ ಕೇಳಿದಂಗ" ಎಂದರು.

ಮೂರನೆಯ ದಿನ ಬೆಂಚಿನ ಮೇಲೆ ಕೂಡಿಸಿ, ಬೆನ್ನನ್ನು ಗೋಡೆಗೆ ಆನಿಸಿ, ಎರಡೂ ಕಾಲಿನಿಂದ ಎದುರಿನ ಕಂಬ ನೂಕು ಎಂದರು. ಬಾಯಿ ತುಂಬ ನೀರು ಕೊಟ್ಟರು. ನಿಮ್ಮ ಪದ್ಧತಿಯ ಪ್ರಕಾರವೇ ಹಿಡಿದೆ. ಪಾದರಸ ಇನ್ನೂರು ದಾಟಿತು, ಇನ್ನೂರಾ ಮೂವತ್ತು ದಾಟಿತು. "ಬಿಡು, ಸಾಕು ಬಿಡು, ಹುಚ್ಚಾ!" ಎಂದು ಆಕೆ ಕೂಗಿದ್ದು ನನಗೆ ದೂರದಿಂದ ಕೇಳಿಸಿತು. ನೀರು ಉಗುಳಿ ಉಸಿರು ಬಿಟ್ಟ ಕೂಡಲೇ ಅದು ತೊಂಬತ್ತಕ್ಕೆ ಬಿತ್ತು, ಕಣ್ಣು ಕತ್ತಲಾಗಿ ಬೆಂಚಿನಿಂದ ಉರುಳಿದೆ. ಎದ್ದ ಮೇಲೆ ಮತ್ತೆ ಜಿಗಿದು ನೂರಾ ಐವತ್ತಕ್ಕೆ ಹೋಗಿತ್ತು. ಬಿ.ಪಿ. ಇಲ್ಲದ ನನ್ನಂಥವನ ಗತಿ ಇದು. ನಾವು ಹಮಾಲರು ಚೀಲ ಎತ್ತುವಾಗ ಹೋ ಎಂದು ಕೂಗುತ್ತೇವಲ್ಲ, ಆಗ ಉಸಿರು ಹೊರಗೆ ಹೋಗುತ್ತದೆ, ಅದು ಒಳ್ಳೆಯದು ಎಂದರು.

ಚಂದಪ್ಪನ ಬಿ.ಪಿ. ಮೊದಲೇ ಹೆಚ್ಚಿತ್ತು, ಉಸಿರು ಕಟ್ಟಿ ಹಿಡಿದದ್ದರಿಂದಲೇ ತಲೆಯ ರಕ್ತನಾಳ ಒಡೆಯಿತು ಎಂದು ಆಕೆ ಖಾತ್ರಿ ಹೇಳಲಿಲ್ಲ. "ನಾ ಅವನ್ನ ನೋಡಿಲ್ಲ, ದೇವರ ಮ್ಯಾಲ ಆಣಿ ಮಾಡಿ ಹೇಳಾಕ ಬರೂದಿಲ್ಲ. ನೀ ಒತ್ತಿದ್ದೂ ಸೇರಿರಬೌದು" ಎಂದರು. ಅದನ್ನೂ ಮುಚ್ಚಿಡದೆ ಬರೆದಿದ್ದೇನೆ.

ವಸ್ತಾದರೇ, ಹೆಣ ಕೊಯ್ದ ಡಾಕ್ಟರನ ಕಾಗದ ಸುಳ್ಳು, ಇಂಡಿಯ ಡಾಕ್ಟರನ ಚೀಟಿ ಮಾತ್ರ ಖರೆ ಎನ್ನುತ್ತೀರಿ. ಆ ಚೀಟಿ ಮೂರೂ ನಡೆದು ಬಂದವನ ಚೀಟಿ. ಬಾಯಲ್ಲಿ ನೀರು ಹಿಡಿದವನ ಚೀಟಿ ಒಂದಾದರೂ ಇದೆಯೇ? ಬಾಗೇವಾಡಿಯಲ್ಲಿ ಕಣಕ್ಕೆ ಇಳಿಯುವ ಮೊದಲು ಅವನಿಗೆ ಏನು ಮಾಡಿಸಿದಿರಿ? ಕಣಕ್ಕೆ ಬಂದಾಗಲೇ ಅವನ ಕಣ್ಣು ಕೆಂಡದ ಹಾಗಿದ್ದವು.

ಅಬ್ದುಲರಜಾಕ


ಝಳಕಿ
12-10-1974

ಅಬ್ದುಲರಜಾಕ,

ನಿನ್ನ ಕಾಗದ ಓದಿ ಅಂಗಳದಲ್ಲಿದ್ದ ನೀರಿನ ಕೊಡವನ್ನು ಎತ್ತಿ ಗೋಡೆಗೆ ಬಡಿದೆ. ಹಮಾಲನೊಬ್ಬ ಹೆಂಗಸಿನ ಮಾತು ಕಟ್ಟಿಕೊಂಡು ಮೂರು ತಲೆಮಾರಿನ ತಾಲೀಮಿಗೆ ಬುದ್ಧಿ ಹೇಳುತ್ತಾನೆ ಎಂದು ಊರೆಲ್ಲ ಕೇಳುವಂತೆ ಒದರಿದೆ. ನಿನ್ನನ್ನು ಸುಳ್ಳನನ್ನಾಗಿ ಮಾಡಬೇಕು ಎಂದೇ ಇಂಡಿಗೆ ಹೋದೆ.

ಬಸ್ಸಿನಲ್ಲಿ ಹೋದೆ. ಐವತ್ತೆಂಟು ವರ್ಷದಲ್ಲಿ ಮೊದಲ ಸಲ ನನ್ನ ಇಚ್ಛೆಯಿಂದ ಮೋಟಾರು ಹತ್ತಿದ್ದು. ಸೀಟಿನಲ್ಲಿ ಕೂತು, ಇಳಿದು, ದವಾಖಾನೆಯ ಜಗಲಿಯ ಮೇಲೆ ಸುಮ್ಮನೆ ಕೂತು, ಅದೇ ಡಾಕ್ಟರನಿಗೆ ತೋಳು ಕೊಟ್ಟೆ. ನೂರಾ ತೊಂಬತ್ತಾರು. ಅವನು ಪಟ್ಟಿ ಬಿಚ್ಚಿ ಮತ್ತೆ ಸುತ್ತಿ ನೋಡಿದ. ಅಷ್ಟೇ. "ಗುರಪ್ಪ, ನಿಮಗ ಎಷ್ಟ ದಿನದಿಂದ ಐತ್ರಿ ಇದು?" ಎಂದ. ಗುಳಿಗೆ ಬರೆದುಕೊಟ್ಟ. ನಾನು ತೆಗೆದುಕೊಳ್ಳಲಿಲ್ಲ. ಮೂರನೆಯ ದಿನ ನಸುಕಿನಲ್ಲಿ ಎದ್ದು ನಡೆದು ಹೋಗಿ ಮತ್ತೆ ತೋಳು ಕೊಟ್ಟೆ. ನೂರಾ ಎಪ್ಪತ್ತು.

ಇಪ್ಪತ್ತಾರು ಕಡಿಮೆ. ನಾನು ಸಾಲಿ ಕಲಿತದ್ದು ನಾಲ್ಕನೆಯ ಇಯತ್ತೆ. ಆದರೂ ಚಂದಪ್ಪನ ನೂರಾ ಮೂವತ್ತಾರಕ್ಕೆ ಇಪ್ಪತ್ತಾರು ಕೂಡಿಸಲು ನನಗೆ ಬಂತು. ಡಾಕ್ಟರನಿಗೆ ಹೇಳಿದೆ. ಅವನು, "ನಡಕೊಂಡು ಬಂದೇವಿ ಅಂತ ನೀವು ಹೇಳಲೇ ಇಲ್ಲಲ್ರಿ" ಎಂದ. ನಾನು ಅವನ ಅಂಗಿಯ ಕೊರಳು ಹಿಡಿದು, "ನೀ ಕೇಳಲೇ ಇಲ್ಲಲ್ಲೋ" ಎಂದೆ. ಆಮೇಲೆ ಕೈ ಬಿಟ್ಟೆ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ನಡೆಸಿದವನು ನಾನು.

ಬಾಗೇವಾಡಿಯ ಬೆಳಗಿನದು ಕೇಳಿದೆಯಲ್ಲ. ಬರೆಯುತ್ತೇನೆ, ನಿಲ್ಲಿಸದೆ ಬರೆಯುತ್ತೇನೆ, ನಿಂತರೆ ಆಗುವುದಿಲ್ಲ. ನಾವು ಇಳಿದಿದ್ದ ಮನೆಯ ಹಿತ್ತಲಲ್ಲಿ ಒಂದು ಬೀಸುಕಲ್ಲು ಬಿದ್ದಿತ್ತು. ಕಣಕ್ಕೆ ಇಳಿಯುವ ಮೊದಲು ಮೈ ಬಿಸಿಯಾಗಲಿ ಎಂದು ಬಾಯಿಗೆ ನೀರು ಹಾಕಿ ಐದು ಸಲ ಎತ್ತಿಸಿದೆ. ಮೂರನೆಯ ಸಲ ನೀರು ಚೆಲ್ಲಿದ. "ಅಪ್ಪಾ, ಇವತ್ತ ಒಂದಿನ ಬ್ಯಾಡ" ಎಂದ. ಇಪ್ಪತ್ನಾಲ್ಕು ವರ್ಷದ ಮಗ ಕೈ ಮುಗಿದು ಹೇಳಿದ. ಬೆತ್ತದಿಂದ ಮೀನಖಂಡಕ್ಕೆ ನಾಲ್ಕು ಬಿಟ್ಟೆ. ಎಣಿಕೆ ಮೊದಲಿನಿಂದ ಶುರು ಮಾಡಿಸಿದೆ. ಒಟ್ಟು ಎಂಟು ಆಯಿತು. ಕಡೆಯ ಸಲ ಉಗುಳಿದ ನೀರು ಕೆಂಪಗಿತ್ತು. ನಾನು ಅದರ ಮೇಲೆ ಕಾಲಿನಿಂದ ಮಣ್ಣು ಎಳೆದು, "ಹೋತು ಕೆಟ್ಟ ರಕ್ತ, ನಡಿ" ಎಂದೆ.

ಶ್ರೀಶೈಲಪ್ಪ ಇನ್ನೂ ಕೊಡಲಿ ಮಸೆಯುತ್ತಿದ್ದಾನೆ. ಒಮ್ಮೆ ತಪ್ಪಿತು, ಬನ್ನಿಗೆ ಇನ್ನೂ ಹನ್ನೆರಡು ದಿನ ಇದೆ ಎನ್ನುತ್ತಾನೆ. ಸೋಮವಾರ ಬೆಳಿಗ್ಗೆ ತಾಲೀಮಿನಲ್ಲಿ ಎಲ್ಲರನ್ನೂ ಕೂಡಿಸಿ ಅವನ ಎದುರಿಗೇ ಹೇಳುತ್ತೇನೆ. ಬನ್ನಿ ಮುಗಿಯುವತನಕ ನೀನು ಮುದ್ದೇಬಿಹಾಳ ಬಿಟ್ಟು ಎಲ್ಲಿಗಾದರೂ ಹೋಗಿರು. ಇದು ಹೆದರಿಕೆಯ ಮಾತಲ್ಲ, ಬೇಡಿಕೆ.

ಗುರಪ್ಪ


ಝಳಕಿ
28-10-1974

ಅಬ್ದುಲರಜಾಕನಿಗೆ ಗುರಪ್ಪ ಬರೆಸುವ ಕಾಗದ. ಕೈ ಶ್ರೀಶೈಲಪ್ಪನದು, ಮಾತು ನನ್ನದು. ನಾನು ಅಟ್ಟದಿಂದ ಬಿದ್ದು ಬಲಗೈ ಮತ್ತು ಹೆಗಲಿನ ಎಲುಬು ಮುರಿದಿದೆ. ಆದ್ದರಿಂದ ಬರೆಯಲಾರೆ. ತಾಲೀಮಿಗೆ ಕೀಲಿ ಹಾಕಿದ್ದೇನೆ. ಗುಳಿಗೆ ನುಂಗುತ್ತಿದ್ದೇನೆ. ನಿನ್ನ ಭುಜ ಮಾಯಿತೇ ಎಂದು ಶಂಕ್ರೆವ್ವ ಕೇಳುತ್ತಾಳೆ. ಬನ್ನಿ ಹಬ್ಬ ಮುಗಿಯಿತು. ಇನ್ನು ನಿನಗೆ ಭಯವಿಲ್ಲ. ಇಷ್ಟೇ.

ಇಲ್ಲಿಂದ ಮುಂದೆ ನಾನು, ಶ್ರೀಶೈಲಪ್ಪ. ಅಪ್ಪನನ್ನು ಅವ್ವ ಬಿಸಿಲಿಗೆ ಕರೆದುಕೊಂಡು ಹೋಗಿದ್ದಾಳೆ. ಅಪ್ಪ ಅಟ್ಟದಿಂದ ಬಿದ್ದಿಲ್ಲ.

ಆ ಸೋಮವಾರ ಹದಿನೆಂಟು ಮಂದಿ ಪೈಲ್ವಾನರನ್ನು ಕೂಡಿಸಿ, ಕಣದ ನಡುವೆ ನಿಂತು ಎಲ್ಲ ಹೇಳಿದ. ಚೀಟಿಯದು, ನಡೆದದ್ದು, ಬೀಸುಕಲ್ಲು, ಕೆಂಪು ನೀರು, ಮಣ್ಣು ಎಳೆದದ್ದು. "ರಜಾಕನ ಮ್ಯಾಲ ಎತ್ತಿದ ಕೊಡಲಿ ನನ್ನ ಮ್ಯಾಲ ಎತ್ತಬೇಕಾಗಿತ್ತು, ಶ್ರೀಶೈಲಾ" ಎಂದ. ನನಗೆ ಏನಾಯಿತೋ ಗೊತ್ತಿಲ್ಲ. ನನ್ನ ಕಾಲುಗಳ ಮೇಲೂ ಅದೇ ಬೆತ್ತದ ಬರೆಗಳಿವೆ, ರಜಾಕ. ಗೋಡೆಗೆ ಆನಿಸಿದ್ದ ಕೊಡಲಿ ತೆಗೆದುಕೊಂಡು ಬಂದೆ. ಅಪ್ಪ ಸರಿಯಲಿಲ್ಲ. ಎರಡೂ ಕೈ ಕೆಳಗೆ ಬಿಟ್ಟು ನಿಂತ. ಅಲಗು ತಿರುಗಿಸಿ ಹಿಂಬದಿಯಿಂದ ಹೊಡೆದೆ. ಒಂದು ಹೆಗಲಿಗೆ, ಒಂದು ಕೈಗೆ. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಮೂರನೆಯದನ್ನು ತಲೆಗೆ ಎತ್ತಿದ್ದೆ. ಅವ್ವ ಓಡಿ ಬಂದು ನಡುವೆ ಬಿದ್ದಳು. "ಒಬ್ಬಾವ ಹೋಗ್ಯಾನ, ಸಾಕು ಮಾಡಲೇ" ಎಂದು ನನ್ನ ಮುಖಕ್ಕೆ ಎಕ್ಕಡದಿಂದ ಬಾರಿಸಿದಳು.

ಹವಾಲದಾರ ಬಂದಾಗ ಅಪ್ಪ, "ಅಟ್ಟದಾಗಿಂದ ಬಿದ್ದೇನ್ರಿ" ಎಂದ. ಹದಿನೆಂಟು ಮಂದಿಯೂ ಹೌದ್ರಿ ಎಂದರು. ಈಗ ದಿನಾ ನಾನೇ ಅವನಿಗೆ ಉಣ್ಣಿಸುತ್ತೇನೆ, ನಾನೇ ಅವನ ಬೆನ್ನು ತೊಳೆಯುತ್ತೇನೆ. ಬೈಯುವುದನ್ನು ಬಿಟ್ಟಿದ್ದಾನೆ. ಬೈದರೆ ಚೆನ್ನಾಗಿತ್ತು.

ನಿನ್ನ ಭುಜಕ್ಕೆ ಮಾಡಿದ್ದಕ್ಕೆ ನಾನು ಏನು ಹೇಳಲಿ? ನೀನು ನನ್ನ ಕುತ್ತಿಗೆ ಬಿಟ್ಟೆ, ನಾನು ಹೊಡೆದೆ. ನಾಚಿಕೆಯಾಗುತ್ತದೆ, ಅಷ್ಟೇ ಬರೆಯಬಲ್ಲೆ.

ಒಂದು ಮಾತು ಕೇಳಬೇಕು. ಆ ದಿನ ನಾನು ಕಣದ ಅಂಚಿನಲ್ಲೇ ಇದ್ದೆ. ನೀನು ಬಗ್ಗಿದಾಗ ಅಣ್ಣನ ಬಾಯಿ ನಿನ್ನ ಕಿವಿಯ ಹತ್ತಿರ ಬಂದಿತ್ತು. ತುಟಿ ಅಲುಗಾಡಿದ್ದು ನೋಡಿದೆ. ಏನು ಹೇಳಿದ? ಅವ್ವನಿಗಾದರೂ ಒಂದು ಮಾತು ಬೇಕಾಗಿದೆ.

ಶ್ರೀಶೈಲಪ್ಪ


ಮುದ್ದೇಬಿಹಾಳ
5-11-1974

ತಮ್ಮಾ ಶ್ರೀಶೈಲಪ್ಪ,

ನನ್ನ ಭುಜ ಮಾಯುತ್ತಿದೆ. ಚೀಲ ಎತ್ತಲು ಇನ್ನೂ ಎರಡು ತಿಂಗಳು ಬೇಕು ಎಂದು ಡಾಕ್ಟರಬಾಯಿ ಹೇಳಿದ್ದಾರೆ. ಅದರ ಮಾತು ಬಿಡು. ನೀನು ಕೇಳಿದ್ದನ್ನು ಯಾರೂ ಕೇಳದಿರಲಿ ಎಂದು ಮೂರು ತಿಂಗಳಿನಿಂದ ಅಂದುಕೊಳ್ಳುತ್ತಿದ್ದೆ.

ನೀನೇ ಅಪ್ಪನಿಗೆ ಕಾಗದ ಓದಿ ಹೇಳುತ್ತೀ ಎಂದು ಕಾಣುತ್ತದೆ. ಇದರ ಮುಂದಿನ ಭಾಗವನ್ನು ಅವರಿಗೆ ಓದಬೇಡ. ನಿನಗೆ ಮಾತ್ರ ಬರೆಯುತ್ತಿದ್ದೇನೆ. ಅವ್ವನಿಗೆ ಹೇಳುವುದು ಬಿಡುವುದು ನಿನ್ನ ಇಷ್ಟ.

ಹಿಡಿತಕ್ಕೆ ಸಿಕ್ಕ ಮೇಲೆ ಅವನ ಮೈಯೆಲ್ಲ ನಡುಗುತ್ತಿತ್ತು. ಮೂಗಿನ ರಕ್ತ ನನ್ನ ಮುಂಗೈ ಮೇಲೆ ಬಿಸಿಯಾಗಿ ಇಳಿಯಿತು. ನಾನು ಕೈ ಸಡಿಲ ಮಾಡಿದೆ. ಖರೆ ಹೇಳುತ್ತೇನೆ, ಸಡಿಲ ಮಾಡಿದ್ದೆ. ಅವನು ನನ್ನ ಮಣಿಕಟ್ಟು ಹಿಡಿದು ತನ್ನ ಕುತ್ತಿಗೆಗೆ ತಾನೇ ಎಳೆದುಕೊಂಡ. "ರಜಾಕಾ, ತಲಿ ಸಿಡ್ಯಾಕತ್ತೈತಿ. ಬಿಡಬ್ಯಾಡ. ಅಪ್ಪ ನೋಡಾಕತ್ತಾನ" ಎಂದ.

ಬಿಟ್ಟಿದ್ದರೆ ಜನ ಕೂಗುತ್ತಿದ್ದರು, ಇಬ್ಬರೂ ಒಳಗೊಳಗೇ ಮಾತಾಡಿಕೊಂಡಿದ್ದಾರೆ, ಸುಳ್ಳು ಕುಸ್ತಿ ಎಂದು. ಮನೆಯಲ್ಲಿ ಅವನಿಗೆ ಏನು ಕಾದಿತ್ತು ಎಂದು ನಿನಗೆ ಗೊತ್ತು, ನನಗೂ ಗೊತ್ತು. ಅದು ಒಂದು. ಇನ್ನೊಂದು, ನನಗೂ ಗೆಲ್ಲಬೇಕಾಗಿತ್ತು. ಗೆಳೆಯ ತಲೆ ಸಿಡಿಯುತ್ತಿದೆ ಎಂದಾಗ ನಾನು ಮತ್ತೆ ಬಿಗಿ ಮಾಡಿದೆ. ಹತ್ತು ಎಣಿಸುವಷ್ಟು ಹೊತ್ತು ಹಿಡಿದೆ. ನಿನ್ನ ಕೊಡಲಿ ಬಿದ್ದ ದಿನ ನನಗೆ ನೋವಿಗಿಂತ ಸಮಾಧಾನವೇ ಹೆಚ್ಚಾಯಿತು.

ಅವ್ವನ ಪಾದ ಮುಟ್ಟಿ ನನ್ನ ಸಲಾಮು ಹೇಳು.

ಅಬ್ದುಲರಜಾಕ


ಝಳಕಿ
17-11-1974

ರಜಾಕ,

ಎಡಗೈಯಿಂದ ಬರೆಯುತ್ತಿದ್ದೇನೆ. ಓದಲು ತ್ರಾಸಾದರೆ ಡಾಕ್ಟರಬಾಯಿಗೆ ತೋರಿಸು.

ಶ್ರೀಶೈಲ ನಿನ್ನ ಕಾಗದ ಓದಿದ. ಭುಜ ಮಾಯುತ್ತಿದೆಯಂತೆ, ಸಲಾಮು ಹೇಳಿದ್ದಾನೆ ಎಂದು ಮುಗಿಸಿ ಮಡಿಚಿದ. ಎರಡು ಹಾಳೆಯ ಕಾಗದದಲ್ಲಿ ಅಷ್ಟೇ ಇರುತ್ತದೆಯೇ? ಅವನು ಕೊಟ್ಟಿಗೆಗೆ ಹೋದಾಗ ಬಿಚ್ಚಿಟ್ಟಿದ್ದ ಅವನ ಅಂಗಿಯ ಕಿಸೆಯಿಂದ ತೆಗೆದು ನಾನೇ ಓದಿದೆ. ಅವನ ಮೇಲೆ ಸಿಟ್ಟಾಗಬೇಡ.

ಹತ್ತು ಎಣಿಸುವಷ್ಟು ಹೊತ್ತು ಎಂದು ಬರೆದಿದ್ದೀ. ಆ ಹತ್ತರಲ್ಲಿ ಏನಾಯಿತು ಎಂದು ನಿನಗೆ ಕಾಣಲಿಲ್ಲ; ಅವನ ಮುಖ ನನ್ನ ಕಡೆ ಇತ್ತು. ನಿನ್ನ ಕಿವಿಯಲ್ಲಿ ಹೇಳಿದ ಮೇಲೆ ಅವನು ಕಣ್ಣು ಎತ್ತಿ ನನ್ನನ್ನು ನೋಡಿದ. ಬಾಯಿ ತೆರೆದಿತ್ತು. ಕೂಗಿ ಸೋಲು ಒಪ್ಪುವವನಿದ್ದ, ಅದು ನನಗೆ ಗೊತ್ತಾಯಿತು. ನಾನು ಅಂಚಿನಲ್ಲಿ ನಿಂತು ನನ್ನ ತುಟಿಗಳನ್ನು ಎರಡು ಬೆರಳಿನಿಂದ ಒತ್ತಿ ಮುಚ್ಚಿ ತೋರಿಸಿದೆ.

ಅವನು ಬಾಯಿ ಮುಚ್ಚಿದ.

ಚಂದಪ್ಪನ ಅಪ್ಪ,
ಗುರಪ್ಪ